ಹೋಂಸ್ಟೇ ಬುಕಿಂಗ್ ಕಮಿಷನ್: ಕೈಗೆ ಬರುವ ದುಡ್ಡಿನಿಂದ ಹಿಂದಕ್ಕೆ ಲೆಕ್ಕ ಹಾಕುವುದು ಹೇಗೆ

ಕಾಫಿ ಬೆಳೆಯುವವರಿಗೆ ಒಂದು ಲೆಕ್ಕ ಚೆನ್ನಾಗಿ ಗೊತ್ತು. 50 ಕೆ.ಜಿ. ಚೆರ್ರಿ ಮೂಟೆ ತಗೊಂಡು ಹೋದರೆ ವ್ಯಾಪಾರಿ 50 ಕೆ.ಜಿ.ಗೆ ದುಡ್ಡು ಕೊಡುವುದಿಲ್ಲ. ತೇವ ನೋಡುತ್ತಾನೆ, ಔಟ್‌ಟರ್ನ್ (ಸಿಪ್ಪೆ ತೆಗೆದರೆ ಎಷ್ಟು ಬೀಜ ಸಿಗುತ್ತದೆ ಅನ್ನುವುದು) ನೋಡುತ್ತಾನೆ, ಆಮೇಲೆ ರೇಟು ಹೇಳುತ್ತಾನೆ. ನಾವೂ ಮೂಟೆಯ ತೂಕ ನೋಡಿ ಹಿಗ್ಗುವುದಿಲ್ಲ. ಆದರೆ ಅದೇ ನಾವು ತೋಟದ ಮನೆಯ ಎರಡು ರೂಮನ್ನು ಹೋಂಸ್ಟೇ ಮಾಡಿ ಆ್ಯಪ್‌ಗೆ ಹಾಕಿದಾಗ ಮೂಟೆಯ ತೂಕವನ್ನೇ ನಂಬಿಬಿಡುತ್ತೇವೆ.

ನಾನೂ ನಂಬಿದ್ದೆ. ಮೂಡಿಗೆರೆ ಕಡೆಯ ನಮ್ಮ ಮನೆಯನ್ನು ಮೊದಲ ಸಲ ಆನ್‌ಲೈನ್‌ಗೆ ಹಾಕಿದ ವರ್ಷ ಡಿಸೆಂಬರ್ ಪೂರ್ತಿ ಬುಕ್ ಆಗಿತ್ತು. ರಾತ್ರಿಗೆ 4,000 ಕೈಗೆ ಬರಬೇಕು ಅಂತ ಕಮಿಷನ್ ಸೇರಿಸಿಯೇ ರೇಟು ಹಾಕಿದ್ದೆ. ತಿಂಗಳ ಕೊನೆಗೆ ನೋಡಿದರೆ ಪ್ರತಿ ರಾತ್ರಿಗೂ 125 ರೂಪಾಯಿ ಕಡಿಮೆ. ಎರಡು ದಿನ ಆ ಕಂಪನಿಯ ಕಸ್ಟಮರ್ ಕೇರ್ ಜೊತೆ ಜಗಳ ಮಾಡಿದೆ. ಕೊನೆಗೆ ಚಿಕ್ಕಪ್ಪ ಕನ್ನಡಕ ಏರಿಸಿಕೊಂಡು ಕೂತು, ಹಳೇ ಡೈರಿಯ ಹಿಂದಿನ ಪುಟದಲ್ಲಿ ಗುಣಿಸಿ ನೋಡಿ, “ಯಾರೂ ಕದ್ದಿಲ್ಲ ಕಣೋ, ನೀನು ಭಾಗಿಸೋ ಕಡೆ ಕೂಡಿಸಿದ್ದೀಯ” ಅಂದರು.

ಆ ತಪ್ಪಿನಿಂದ ಹಿಡಿದು ಆಮೇಲೆ ಕಲಿತದ್ದನ್ನೆಲ್ಲ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಪೆನ್ನು, ಹಾಳೆ, ಮೊಬೈಲ್‌ನ ಕ್ಯಾಲ್ಕುಲೇಟರ್ ಪಕ್ಕದಲ್ಲಿರಲಿ. ಉದಾಹರಣೆಗಳೆಲ್ಲ ಒಂದು ರೂಮು, ಇಬ್ಬರು ಅತಿಥಿಗಳು, ಒಂದು ರಾತ್ರಿಯ ಲೆಕ್ಕ. ನಿಮ್ಮ ಸಂಖ್ಯೆಗಳನ್ನು ಹಾಕಿಕೊಳ್ಳುತ್ತಾ ಹೋಗಿ.

ಹೆಜ್ಜೆ 1: ಮೊದಲು ಎರಡು ಸಂಖ್ಯೆ ಬರೆದಿಡಿ

ಆ್ಯಪ್ ತೆರೆಯುವ ಮೊದಲು ಮನೆಯ ಲೆಕ್ಕ ಆಗಬೇಕು. ಒಬ್ಬ ಅತಿಥಿ ಬಂದು ಹೋದರೆ ನಿಮ್ಮ ಜೇಬಿನಿಂದ ನಿಜವಾಗಿ ಹೋಗುವುದು ಎಷ್ಟು? ಬೆಡ್‌ಶೀಟ್ ಮತ್ತು ಟವೆಲ್ ಒಗೆಯುವುದು, ಬೆಳಗಿನ ತಿಂಡಿ, ಕಾಫಿ, ಸೋಪು, ನೀರಿನ ಬಾಟಲಿ, ರೂಮು ಗುಡಿಸಿ ಒರೆಸುವವರ ಕೂಲಿ, ಗೀಸರ್ ಕರೆಂಟು ಅಥವಾ ಹಂಡೆಗೆ ಸೌದೆ. ನಮ್ಮ ಮನೆಯಲ್ಲಿ ಇದು ಸುಮಾರು 1,100 ಆಗುತ್ತದೆ. ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಪುನರ್ವಸು ಮಳೆ ಹಿಡಿದುಕೊಂಡರೆ ಮೂರು ದಿನವಾದರೂ ಬೆಡ್‌ಶೀಟ್ ಒಣಗುವುದಿಲ್ಲ, ಎರಡು ಜೊತೆ ಇದ್ದಲ್ಲಿ ನಾಲ್ಕು ಜೊತೆ ಬೇಕಾಗುತ್ತದೆ.

ಇದರ ಮೇಲೆ ತಿಂಗಳ ಖರ್ಚಿನ ಪಾಲು ಬರುತ್ತದೆ: ಇಂಟರ್ನೆಟ್, ಯುಪಿಎಸ್ ಬ್ಯಾಟರಿ, ವರ್ಷಕ್ಕೊಮ್ಮೆ ಸುಣ್ಣಬಣ್ಣ, ಹೆಂಚು ತಿರುವುವುದು.

ಇಷ್ಟಾದ ಮೇಲೆ ಎರಡು ಸಂಖ್ಯೆ ಬರೆಯಿರಿ. ಒಂದು, ಸೀಸನ್‌ನಲ್ಲಿ ಕೈಗೆ ಬರಬೇಕಾದ ದುಡ್ಡು. ನಮ್ಮದು 4,000. ಇನ್ನೊಂದು, ಇದಕ್ಕಿಂತ ಕೆಳಗಾದರೆ ರೂಮು ಖಾಲಿ ಇರುವುದೇ ವಾಸಿ ಅನ್ನುವ ದುಡ್ಡು. ನಮ್ಮದು 2,800. ಮುಂದಿನ ಎಲ್ಲ ಲೆಕ್ಕವೂ ಈ ಎರಡರಿಂದ ಹಿಂದಕ್ಕೆ ಹೋಗುವಂಥದ್ದು. “ಪಕ್ಕದ ಎಸ್ಟೇಟ್‌ನವರು 5,500 ಹಾಕಿದ್ದಾರೆ, ನಾವೂ ಹಾಕೋಣ” ಅಂತ ಹೊರಟರೆ ಲೆಕ್ಕ ಅಲ್ಲೇ ಹಳ್ಳ ಹಿಡಿಯುತ್ತದೆ. ಅವರ 5,500ರಲ್ಲಿ ಅವರ ಕೈಗೆ ಎಷ್ಟು ಬರುತ್ತಿದೆ ಅಂತ ನಮಗೇನು ಗೊತ್ತು?

ಹೆಜ್ಜೆ 2: ಶುಲ್ಕ ಯಾರ ಹೆಸರಲ್ಲಿ ಹೋಗುತ್ತಿದೆ ಅಂತ ನೋಡಿ

ಪ್ಲಾಟ್‌ಫಾರ್ಮ್‌ಗಳು ದುಡ್ಡು ತೆಗೆದುಕೊಳ್ಳುವ ದಾರಿ ಮುಖ್ಯವಾಗಿ ಎರಡು.

ಮೊದಲನೆಯದು ಹಂಚಿದ ಶುಲ್ಕ. ಏರ್‌ಬಿಎನ್‌ಬಿಯಲ್ಲಿ ಬಹಳ ವರ್ಷಗಳಿಂದ ಇರುವುದು ಇದು. ಮನೆಯವರಿಂದ ಸಾಮಾನ್ಯವಾಗಿ ಶೇ 3, ಅತಿಥಿಯಿಂದ ಬೇರೆಯಾಗಿ ಶೇ 14ರಿಂದ 16.5ರ ಆಸುಪಾಸು. ಎರಡನೆಯದು ಪೂರ್ತಿ ಶುಲ್ಕ ಮನೆಯವರ ತಲೆಗೆ. ಬುಕಿಂಗ್ ಡಾಟ್ ಕಾಮ್‌ನದು ಈ ದಾರಿ. ಊರು ಮತ್ತು ಒಪ್ಪಂದದ ಮೇಲೆ ಹೆಚ್ಚುಕಡಿಮೆ ಆಗುತ್ತದೆ, ಸರಾಸರಿ ಶೇ 15 ಅಂತ ಇಟ್ಟುಕೊಳ್ಳಿ. ಮೇಕ್‌ಮೈಟ್ರಿಪ್, ಗೋಐಬಿಬೊ ಕೂಡ ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಕೊಡುವವರು. ಅಲ್ಲಿ ನಿಮ್ಮ ಶೇಕಡಾ ಎಷ್ಟು ಅನ್ನುವುದು ನಿಮ್ಮ ಅಗ್ರಿಮೆಂಟ್‌ನಲ್ಲಿರುತ್ತದೆ. ಸಹಿ ಹಾಕುವ ಮೊದಲು ಆ ಒಂದು ಸಾಲನ್ನು ಹುಡುಕಿ ಗೆರೆ ಎಳೆಯಿರಿ. ಮಾರ್ಕೆಟಿಂಗ್ ಹುಡುಗ ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

“ಅಲ್ಲಿ ಬರೀ 3, ಇಲ್ಲಿ 15! ಅಲ್ಲಿಗೇ ಹೋಗೋಣ” ಅಂತ ಅನ್ನಿಸುವುದು ಸಹಜ. ಆದರೆ ತಡೆಯಿರಿ, ಅದರ ಲೆಕ್ಕ ಮುಂದಿನ ಹೆಜ್ಜೆಯಲ್ಲಿದೆ.

ಇಲ್ಲೊಂದು ಗುಂಡಿ ಇದೆ, ಹಲವರು ಬೀಳುತ್ತಾರೆ. ಮೂರು ನಾಲ್ಕು ಆ್ಯಪ್‌ಗಳ ಕ್ಯಾಲೆಂಡರ್ ನೋಡಿಕೊಳ್ಳುವುದು ಕಷ್ಟ ಅಂತ ಚಾನೆಲ್ ಮ್ಯಾನೇಜರ್ ಸಾಫ್ಟ್‌ವೇರ್ ತಗೊಳ್ಳುತ್ತೇವೆ. 2025ರ ಅಕ್ಟೋಬರ್ 27ರಿಂದ, ಇಂಥ ಸಾಫ್ಟ್‌ವೇರ್ ಮೂಲಕ ಜೋಡಿಸಿಕೊಂಡ ಹೆಚ್ಚಿನ ಮನೆಗಳಿಗೆ ಏರ್‌ಬಿಎನ್‌ಬಿ ಹಂಚಿದ ಶುಲ್ಕ ತೆಗೆದು, ಪೂರ್ತಿ ಶೇ 15.5ನ್ನು ಮನೆಯವರಿಂದಲೇ ತೆಗೆದುಕೊಳ್ಳುತ್ತಿದೆ. ಅತಿಥಿಗೆ ಬೇರೆ ಸರ್ವಿಸ್ ಫೀ ಇರುವುದಿಲ್ಲ. ತಪ್ಪೇನಿಲ್ಲ, ಆದರೆ ರೇಟು ಏರಿಸದೆ ಸಾಫ್ಟ್‌ವೇರ್ ಜೋಡಿಸಿಬಿಟ್ಟರೆ ಒಂದೇ ರಾತ್ರಿಯಲ್ಲಿ ನಿಮ್ಮ ಆದಾಯ ಇಳಿಯುತ್ತದೆ. ಎಷ್ಟು ಅಂತ ಈಗ ನೋಡೋಣ.

ಹೆಜ್ಜೆ 3: ಕೂಡಿಸಬೇಡಿ, ಭಾಗಿಸಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಮೊದಲಿಗೆ, ಕಮಿಷನ್ ಅಂದರೆ ಬರೀ ಕಮಿಷನ್ ಅಲ್ಲ. ಅದು ಒಂದು ಸೇವೆ, ಅದರ ಮೇಲೆ ಶೇ 18 ಜಿಎಸ್‌ಟಿ ಇದೆ. ಹಾಗಾಗಿ ಶೇ 15 ಕಮಿಷನ್ ಅಂದರೆ 15ರ ಜೊತೆ ಅದರ ಶೇ 18, ಒಟ್ಟು 17.7. ಶೇ 3 ಅಂದರೆ 3.54. ಶೇ 15.5 ಅಂದರೆ 18.29. ಈ ಸಂಖ್ಯೆಗಳನ್ನೇ ಬಳಸಬೇಕು.

ಈಗ ನನ್ನ ಹಳೇ ತಪ್ಪು. ಕೈಗೆ 4,000 ಬೇಕು, ಕಟ್ ಆಗುವುದು ಶೇ 17.7. ನಾನು 4,000ಕ್ಕೆ ಅದರ ಶೇ 17.7 ಕೂಡಿಸಿ 4,708 ಅಂತ ಹಾಕಿದ್ದೆ. ಆದರೆ ಅವರು ಶೇ 17.7 ಹಿಡಿಯುವುದು 4,000ದ ಮೇಲಲ್ಲ, 4,708ರ ಮೇಲೆ. ಅದು 833 ರೂಪಾಯಿ. ಉಳಿದದ್ದು 3,875. ಕಳೆದುಹೋದ ಆ 125 ರೂಪಾಯಿ ಇದೇ.

ಸರಿಯಾದ ದಾರಿ ಹೀಗೆ. ನೂರರಿಂದ ಅವರ ಪಾಲು ಕಳೆಯಿರಿ: 100ರಲ್ಲಿ 17.7 ಹೋದರೆ 82.3. ಅಂದರೆ ಒಂದು ರೂಪಾಯಿಯಲ್ಲಿ ನಿಮ್ಮ ಕೈಗೆ 0.823. ಬೇಕಾದ ದುಡ್ಡನ್ನು ಅದರಿಂದ ಭಾಗಿಸಿ. 4,000 ಭಾಗಿಸು 0.823, ಉತ್ತರ 4,860. ಹಾಕಬೇಕಾದ ರೇಟು ಇದು. ತಿರುಗಿಸಿ ನೋಡಿ: 4,860ರ ಶೇ 17.7 ಅಂದರೆ 860, ಉಳಿದದ್ದು ಸರಿಯಾಗಿ 4,000.

ಶೇ 3ರ ಕಡೆ: 4,000 ಭಾಗಿಸು 0.9646, ಉತ್ತರ 4,147.

ಈಗ ಅತಿಥಿಯ ಜೇಬಿನ ಕಡೆಯಿಂದ ನೋಡಿ. ಬೆಂಗಳೂರಿನಿಂದ ಬರುವ ಒಂದು ಜೋಡಿ ಎರಡೂ ಆ್ಯಪ್ ತೆರೆದು ಕೂತಿದೆ ಅಂದುಕೊಳ್ಳಿ. ಹಂಚಿದ ಶುಲ್ಕದ ಕಡೆ ರೂಮಿಗೆ 4,147, ಅತಿಥಿಯ ಸರ್ವಿಸ್ ಫೀ ಶೇ 15 ಅಂತ ಹಿಡಿದರೆ 622, ಆ ಫೀ ಮೇಲೆ ಜಿಎಸ್‌ಟಿ 112, ರೂಮಿನ ಜಿಎಸ್‌ಟಿ ಶೇ 5 ಅಂದರೆ 207. ಒಟ್ಟು 5,088. ಕಮಿಷನ್ ಕಡೆ ರೂಮಿಗೆ 4,860, ಜಿಎಸ್‌ಟಿ 243. ಒಟ್ಟು 5,103.

ವ್ಯತ್ಯಾಸ ಹದಿನೈದೇ ರೂಪಾಯಿ! ಎರಡೂ ಕಡೆ ನಿಮ್ಮ ಕೈಗೆ 4,000, ಎರಡೂ ಕಡೆ ಅತಿಥಿ ಕೊಡುವುದು ಹತ್ತಿರ ಹತ್ತಿರ 5,100. ಮಧ್ಯದ ಸಾವಿರ ಚಿಲ್ಲರೆ ಎಲ್ಲಿಂದ ಕಟ್ ಆಗುತ್ತದೆ ಅನ್ನುವುದಷ್ಟೇ ಬೇರೆ. ಆದ್ದರಿಂದ ಆ್ಯಪ್‌ಗಳನ್ನು ಹೋಲಿಸುವಾಗ 3, 15 ಅನ್ನುವ ಸಂಖ್ಯೆ ಬಿಟ್ಟುಬಿಡಿ. ಅತಿಥಿ ಕೊಟ್ಟದ್ದೆಷ್ಟು, ನಿಮಗೆ ಬಂದದ್ದೆಷ್ಟು, ನಡುವಿನ ಅಂತರವೆಷ್ಟು, ಇಷ್ಟೇ ನೋಡಿ. ಏರ್‌ಬಿಎನ್‌ಬಿ 2025ರ ಏಪ್ರಿಲ್‌ನಿಂದ ಹುಡುಕಾಟದಲ್ಲೇ ಶುಲ್ಕ ಸೇರಿಸಿದ ಒಟ್ಟು ದರ ತೋರಿಸುತ್ತಿದೆ. ಅತಿಥಿ ಹೋಲಿಸುವುದು ಅದನ್ನೇ, ನಿಮ್ಮ ರೂಮಿನ ರೇಟನ್ನಲ್ಲ.

ಇನ್ನು ಆ ಸಾಫ್ಟ್‌ವೇರ್ ಗುಂಡಿ. 4,147 ಹಾಕಿಕೊಂಡು ಆರಾಮಾಗಿದ್ದವರು ಶೇ 15.5ಕ್ಕೆ ಬದಲಾದರೆ, 18.29 ಕಟ್ ಆಗಿ ಕೈಗೆ ಬರುವುದು 3,389. ರಾತ್ರಿಗೆ 611 ರೂಪಾಯಿ ಹೋಯಿತು. 4,000 ಬೇಕಿದ್ದರೆ ಬದಲಾದ ದಿನವೇ ರೇಟು 4,895ಕ್ಕೆ ಏರಬೇಕು. ಮುಂದಿನ ದಸರಾ, ಕ್ರಿಸ್‌ಮಸ್ ತಾರೀಖುಗಳಿಗೆ ಮೊದಲೇ ಕೈಯಾರೆ ಹಾಕಿಟ್ಟ ರೇಟು ಇರುತ್ತದಲ್ಲ, ಅದನ್ನು ಮರೆಯಬೇಡಿ. ಮೂಲ ರೇಟು ಬದಲಿಸಿದರೆ ಅವು ತಾವಾಗಿ ಬದಲಾಗುವುದಿಲ್ಲ.

ಹೆಜ್ಜೆ 4: ತೆರಿಗೆಯ ಸಾಲುಗಳನ್ನು ಬಿಡಿಸಿ ನೋಡಿ

ಪೇಔಟ್ ವಿವರದಲ್ಲಿ ಜಿಎಸ್‌ಟಿ, ಟಿಸಿಎಸ್, ಟಿಡಿಎಸ್ (ಕೊನೆಯ ಎರಡೂ ನಿಮ್ಮ ಹೆಸರಲ್ಲಿ ಮುಂಗಡವಾಗಿ ಹಿಡಿಯುವ ತೆರಿಗೆ) ಅಂತ ಸಾಲು ಸಾಲಾಗಿ ಕಟ್ ಆಗಿರುತ್ತದೆ. ಎಲ್ಲವೂ ಖರ್ಚಲ್ಲ. ಯಾವುದು ಹೋದ ದುಡ್ಡು, ಯಾವುದು ವಾಪಸ್ ಬರುವ ದುಡ್ಡು ಅಂತ ಬೇರೆ ಮಾಡಬೇಕು.

ರೂಮಿನ ಜಿಎಸ್‌ಟಿ ಅತಿಥಿ ಕೊಡುವುದು. 2025ರ ಸೆಪ್ಟೆಂಬರ್ 22ರಿಂದ, ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇ 5. ಮೊದಲು 12 ಇತ್ತು. 7,500 ದಾಟಿದರೆ ಶೇ 18.

ಶೇ 5 ಆಯಿತು ಅಂತ ಎಲ್ಲರೂ ಖುಷಿಪಟ್ಟರು. ಆದರೆ ಅದರ ಜೊತೆಗೊಂದು ಷರತ್ತು ಬಂತು: ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲ. ಮೊದಲು ಜಿಎಸ್‌ಟಿ ನೋಂದಣಿ ಇದ್ದವರು, ಕಮಿಷನ್ ಮೇಲೆ ಕೊಟ್ಟ ಶೇ 18ನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದಿತ್ತು. ಈಗ 7,500ರ ಒಳಗಿನ ರೂಮಿಗೆ ಅದಾಗುವುದಿಲ್ಲ. ಅಂದರೆ 17.7 ಪೂರ್ತಿ ನಿಜವಾದ ಖರ್ಚು. ಹಳೇ ಎಕ್ಸೆಲ್ ಹಾಳೆಯಲ್ಲಿ 15 ಅಂತಲೇ ಹಾಕಿಕೊಂಡಿದ್ದವರು ಅದನ್ನು ತಿದ್ದಿ.

7,500ರ ಗೆರೆಯ ಹತ್ತಿರ ಇರುವವರು ಇನ್ನೂ ಹುಷಾರಾಗಿರಬೇಕು. ಪೂರ್ತಿ ಕಾಟೇಜನ್ನು ಒಂದೇ ಯೂನಿಟ್ ಆಗಿ ಕೊಡುವ ಸ್ನೇಹಿತರೊಬ್ಬರು ಕೈಗೆ 6,500 ಬೇಕು ಅಂತ ಭಾಗಿಸಿ 7,898 ಹಾಕಿದ್ದರು. ಲೆಕ್ಕ ಸರಿ, ಆದರೆ ಗೆರೆ ದಾಟಿತು. ಶೇ 18 ಸೇರಿ ಅತಿಥಿಗೆ ಬಿದ್ದದ್ದು 9,320. ಬುಕಿಂಗ್ ನಿಂತೇಹೋಯಿತು. 7,500ಕ್ಕೆ ಇಳಿಸಿದ ಮೇಲೆ ಅತಿಥಿಗೆ 7,875, ಅವರ ಕೈಗೆ 6,172. ಅವರು 328 ಬಿಟ್ಟರು, ಅತಿಥಿಗೆ 1,445 ಉಳಿಯಿತು. ಈ ಗೆರೆಯ ಆಸುಪಾಸಿನಲ್ಲಿ ಒಂದೋ 7,500ರ ಒಳಗೇ ಇರಿ, ಇಲ್ಲ ಧೈರ್ಯವಾಗಿ 9,000 ದಾಟಿ ಅದಕ್ಕೆ ತಕ್ಕ ಸೌಕರ್ಯ ಕೊಡಿ. 7,600, 7,900 ಅನ್ನುವುದು ಯಾರಿಗೂ ಉಪಯೋಗವಿಲ್ಲದ ರೇಟು.

ವರ್ಷದ ವಹಿವಾಟು 20 ಲಕ್ಷದೊಳಗಿದ್ದು ಜಿಎಸ್‌ಟಿ ನೋಂದಣಿ ಇಲ್ಲದವರ ಕಥೆ ಬೇರೆ. ಆಗ ರೂಮಿನ ಜಿಎಸ್‌ಟಿಯನ್ನು ಪ್ಲಾಟ್‌ಫಾರ್ಮೇ ಅತಿಥಿಯಿಂದ ತೆಗೆದುಕೊಂಡು ಸರ್ಕಾರಕ್ಕೆ ಕಟ್ಟುತ್ತದೆ. ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 9(5) ಅನ್ನುವುದು ಇದನ್ನೇ. “ನಮಗೆ ನೋಂದಣಿನೇ ಇಲ್ಲ, ಅತಿಥಿ ಹತ್ರ ಜಿಎಸ್‌ಟಿ ಯಾಕೆ ತಗೊಂಡ್ರು?” ಅಂತ ಕೇಳುವವರಿಗೆ ಉತ್ತರ ಅದು.

ನೋಂದಣಿ ಇದ್ದವರಿಗೆ ಟಿಸಿಎಸ್ ಅಂತ ಅರ್ಧ ಪರ್ಸೆಂಟ್ ಕಟ್ ಆಗುತ್ತದೆ. 2024ರ ಜುಲೈವರೆಗೆ ಅದು ಒಂದು ಪರ್ಸೆಂಟ್ ಇತ್ತು. ಇದು ಜಿಎಸ್‌ಟಿ ಪೋರ್ಟಲ್‌ನಲ್ಲಿ ನಿಮ್ಮ ಕ್ಯಾಶ್ ಲೆಡ್ಜರ್‌ಗೆ ಬಂದು ಕೂರುತ್ತದೆ, ತೆರಿಗೆ ಕಟ್ಟುವಾಗ ಬಳಸಿಕೊಳ್ಳಬಹುದು. ಆದಾಯ ತೆರಿಗೆಯ ಟಿಡಿಎಸ್ 2024ರ ಅಕ್ಟೋಬರ್ 1ರಿಂದ ಶೇ 0.1 ಮಾತ್ರ. ಹಳೇ ಕಾಯ್ದೆಯಲ್ಲಿ 194-ಒ ಅಂತ ಕರೆಯುತ್ತಿದ್ದದ್ದು ಇದು. 4,860ಕ್ಕೆ ಐದು ರೂಪಾಯಿ. ಇದೂ ನಿಮ್ಮದೇ ದುಡ್ಡು, ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು. ಆದರೆ ಪ್ಯಾನ್ ಕೊಟ್ಟಿಲ್ಲದಿದ್ದರೆ ಶೇ 5 ಹಿಡಿಯುತ್ತಾರೆ. ಪ್ಯಾನ್ ಅಪ್ಪನ ಹೆಸರಲ್ಲಿ, ಬ್ಯಾಂಕ್ ಖಾತೆ ಮಗನ ಹೆಸರಲ್ಲಿ, ಲಿಸ್ಟಿಂಗ್ ಸೊಸೆಯ ಇಮೇಲ್‌ನಲ್ಲಿ ಅನ್ನುವುದು ನಮ್ಮ ಕಡೆ ಮಾಮೂಲಿ. ಅದನ್ನು ಮೊದಲೇ ಒಂದೇ ಹೆಸರಿಗೆ ತನ್ನಿ.

ಹೆಜ್ಜೆ 5: ರಿಯಾಯಿತಿ ಬಟನ್ ಒತ್ತುವ ಮೊದಲು

ಕಮಿಷನ್‌ಗಿಂತ ಜಾಸ್ತಿ ದುಡ್ಡು ಸೋರುವುದು ಇಲ್ಲಿ.

ಲಿಸ್ಟಿಂಗ್ ಶುರುವಾದ ವಾರದಿಂದಲೇ ಪರದೆ ಮೇಲೆ ಸಲಹೆಗಳು ಬರುತ್ತವೆ. ಈ ಪ್ರೋಗ್ರಾಂ ಸೇರಿ, ಫೋನಿನಿಂದ ಬುಕ್ ಮಾಡುವವರಿಗೆ ಕಡಿಮೆಯ ಮೊಬೈಲ್ ದರ ಕೊಡಿ, ಮೊದಲ ಮೂರು ಬುಕಿಂಗ್‌ಗೆ ಶೇ 20 ಕಡಿಮೆ ಮಾಡಿ. ಪ್ರತಿಯೊಂದೂ ಒಂದು ಬಟನ್ ಅಷ್ಟೇ. ಒಂದೊಂದೇ ನೋಡಿದರೆ ಸಣ್ಣದು. ಒಂದರ ಮೇಲೊಂದು ಕೂತರೆ ಹೀಗಾಗುತ್ತದೆ:

ಬುಕಿಂಗ್ ಡಾಟ್ ಕಾಮ್‌ನ ಜೀನಿಯಸ್ ಅನ್ನುವ ರಿಯಾಯಿತಿ ಯೋಜನೆ ಸೇರಿದರೆ ಅದರ ಸದಸ್ಯ ಅತಿಥಿಗಳಿಗೆ ಕನಿಷ್ಠ ಶೇ 10 ಕಡಿಮೆ ಮಾಡಬೇಕು. ಜೊತೆಗೆ ಮೊಬೈಲ್ ದರ ಅಂತ ಇನ್ನೊಂದು ಶೇ 10 ಕೊಟ್ಟಿದ್ದೀರಿ. 4,860 ಮೊದಲು 4,374 ಆಯಿತು, ಆಮೇಲೆ 3,937. ಅದರಲ್ಲಿ 17.7 ಕಟ್ ಆಗಿ ಕೈಗೆ 3,240. ನಾಲ್ಕು ಸಾವಿರ ಬೇಕು ಅಂತ ಅಷ್ಟೆಲ್ಲ ಭಾಗಿಸಿ ಹಾಕಿದ ರೇಟು, ಎರಡು ಬಟನ್‌ನಲ್ಲಿ 760 ಕಳೆದುಕೊಂಡಿತು. ಇದರ ಮೇಲೆ ಪಟ್ಟಿಯಲ್ಲಿ ಮೇಲೆ ಕಾಣಲು ಜಾಸ್ತಿ ಕಮಿಷನ್ ಕೊಡುವ ಯೋಜನೆಗೂ ಸೇರಿ 15 ಇದ್ದದ್ದು 18 ಆದರೆ, ಕೈಗೆ 3,101.

ರಿಯಾಯಿತಿಯೇ ಬೇಡ ಅಂತ ನಾನು ಹೇಳುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗಿನ ವಾರದ ದಿನಗಳಲ್ಲಿ ರೂಮು ಖಾಲಿ ಬಿದ್ದಿರುತ್ತದೆ, ಆಗ 3,240 ಕೂಡ ನಮ್ಮ ಕೆಳಮಿತಿ 2,800ಕ್ಕಿಂತ ಮೇಲೆಯೇ. ಆದರೆ ಶನಿವಾರ, ಡಿಸೆಂಬರ್ ಕೊನೆಯ ವಾರ, ಸೋಮವಾರ ಸರ್ಕಾರಿ ರಜೆ ಬಂದ ವೀಕೆಂಡ್ ಹೇಗೂ ತುಂಬುತ್ತವೆ. ಅವತ್ತು ರಿಯಾಯಿತಿ ಕೊಡುವುದು ಸುಮ್ನೆ ದಾನ. ಸಾಮಾನ್ಯವಾಗಿ ಎಲ್ಲ ರಿಯಾಯಿತಿಗೂ ಕೆಲವು ತಾರೀಖು ಹೊರಗಿಡುವ ಸೌಲಭ್ಯ ಎಲ್ಲೋ ಒಂದು ಮೂಲೆಯಲ್ಲಿರುತ್ತದೆ. ಹುಡುಕಿ.

ಖಾಯಂ ಆಗಿ ಶೇ 10 ಕೊಡಲೇಬೇಕು ಅಂತಿದ್ದರೆ ಅದನ್ನೂ ಭಾಗಿಸಿಯೇ ರೇಟು ಹಾಕಿ. 4,860 ಭಾಗಿಸು 0.9, ಅಂದರೆ 5,400. ಎರಡು ಶೇ 10ಕ್ಕೆ ಭಾಗಿಸಿದರೆ 6,000 ಆಗುತ್ತದೆ. ಆಗ ರಿಯಾಯಿತಿ ಸಿಗದ ಅತಿಥಿಗೆ ಕಾಣುವ ರೇಟು 6,000, ಅವನು ನಿಮ್ಮ ಪುಟವನ್ನೇ ತೆರೆಯುವುದಿಲ್ಲ. ಅದಕ್ಕೇ ನಾನು ಯಾವತ್ತೂ ಒಂದೇ ರಿಯಾಯಿತಿ ಇಟ್ಟುಕೊಳ್ಳುತ್ತೇನೆ.

ಹೆಜ್ಜೆ 6: ಊಟವನ್ನು ಹೊರಗಿಡಿ

ನಮ್ಮ ಮಲೆನಾಡಿನ ಹೋಂಸ್ಟೇಗಳದ್ದು ತಲೆ ಲೆಕ್ಕ. ಊಟ, ತಿಂಡಿ, ಸಂಜೆ ಬೋಂಡಾ, ಎಲ್ಲ ಸೇರಿ ತಲೆಗೆ ಇಷ್ಟು. ಆ್ಯಪ್‌ಗಳದ್ದು ರೂಮಿನ ಲೆಕ್ಕ. ಒಂದನ್ನು ಇನ್ನೊಂದಕ್ಕೆ ತಿರುಗಿಸುವಾಗ ಹೆಚ್ಚಿನವರು ತಲೆಗೆ 2,500ರಂತೆ ಇಬ್ಬರಿಗೆ 5,000 ಅಂತ ಇಡಿಯಾಗಿ ಹಾಕಿಬಿಡುತ್ತಾರೆ.

ಆಗ ಅಕ್ಕಿರೊಟ್ಟಿ, ಕೋಳಿ ಸಾರು, ಕಳಲೆ ಪಲ್ಯದ ಮೇಲೂ ಕಮಿಷನ್ ಬೀಳುತ್ತದೆ. 5,000ದಲ್ಲಿ ಮಧ್ಯಾಹ್ನ ಮತ್ತು ರಾತ್ರಿ ಊಟದ ಪಾಲು 1,400 ಅಂದುಕೊಂಡರೆ, ಅದರ ಮೇಲೆ ಹೋಗುವ ಕಮಿಷನ್ 248 ರೂಪಾಯಿ. ಅಷ್ಟರಲ್ಲಿ ಒಂದು ಹೊತ್ತಿನ ತರಕಾರಿ ಬರುತ್ತದೆ.

ನಾವು ಆ್ಯಪ್‌ನಲ್ಲಿ ರೂಮು ಮತ್ತು ಬೆಳಗಿನ ತಿಂಡಿ ಮಾತ್ರ ಹಾಕಿದ್ದೇವೆ. ಊಟ ಬೇಕಾದವರಿಗೆ ಮಾತ್ರ, ದರ ಇಷ್ಟು, ಹಿಂದಿನ ದಿನ ಹೇಳಬೇಕು ಅಂತ ಲಿಸ್ಟಿಂಗ್‌ನಲ್ಲೇ ಸ್ಪಷ್ಟವಾಗಿ ಬರೆದಿದೆ. ಇಲ್ಲೊಂದು ಎಚ್ಚರ: ಕಡ್ಡಾಯದ ದುಡ್ಡನ್ನು ಹೊರಗೆ ಕೇಳಬಾರದು. “ಇಲ್ಲಿ ಊಟ ಮಾಡಲೇಬೇಕು, ತಲೆಗೆ 700” ಅಂತ ಬಂದಮೇಲೆ ಹೇಳಿದರೆ ಅದು ಅತಿಥಿಗೂ ಮೋಸ, ಆ್ಯಪ್‌ನ ನಿಯಮಕ್ಕೂ ವಿರುದ್ಧ. ಐಚ್ಛಿಕ ಸೇವೆಗೆ ಹೊರಗೆ ದುಡ್ಡು ತೆಗೆದುಕೊಳ್ಳುವ ಬಗ್ಗೆ ನಿಮ್ಮ ಪ್ಲಾಟ್‌ಫಾರ್ಮ್ ಏನು ಹೇಳುತ್ತದೆ ಅಂತ ಓದಿಕೊಂಡೇ ಮುಂದುವರಿಯಿರಿ. ಜೀಪ್ ಟ್ರಿಪ್, ಕ್ಯಾಂಪ್ ಫೈರ್‌ಗೂ ಇದೇ ಮಾತು.

ಕ್ಲೀನಿಂಗ್ ಫೀ ಅಂತ ಬೇರೆ ಹಾಕಿದರೆ ಕಮಿಷನ್ ತಪ್ಪುತ್ತದೆ ಅಂತ ಕೆಲವರು ಅಂದುಕೊಂಡಿದ್ದಾರೆ. ತಪ್ಪುವುದಿಲ್ಲ. ಏರ್‌ಬಿಎನ್‌ಬಿ ಅದನ್ನೂ ಸೇರಿಸಿಯೇ ಶೇಕಡಾ ಹಿಡಿಯುತ್ತದೆ.

ಹೆಜ್ಜೆ 7: ರದ್ದತಿಯ ಖರ್ಚು

ಅತಿಥಿ ರದ್ದು ಮಾಡಿದರೆ ಎಷ್ಟು ಸಿಗುತ್ತದೆ ಅನ್ನುವುದು ನೀವು ಆರಿಸಿದ ಪಾಲಿಸಿ ಮೇಲೆ. ಏರ್‌ಬಿಎನ್‌ಬಿಯ ಫ್ಲೆಕ್ಸಿಬಲ್‌ನಲ್ಲಿ ಚೆಕ್-ಇನ್‌ಗೆ 24 ಗಂಟೆ ಮೊದಲಿನವರೆಗೆ ಪೂರ್ತಿ ವಾಪಸ್, ಮಾಡರೇಟ್‌ನಲ್ಲಿ 5 ದಿನ ಮೊದಲಿನವರೆಗೆ. ಬೆಂಗಳೂರಿನ ವೀಕೆಂಡ್ ಅತಿಥಿಗಳನ್ನೇ ನಂಬಿದ ನಮಗೆ ಮಾಡರೇಟ್ ಸರಿ. ಶುಕ್ರವಾರ ಸಂಜೆ ರದ್ದಾದ ರೂಮು ಶನಿವಾರಕ್ಕೆ ಹೋಗುವುದು ಅಪರೂಪ.

ನೀವೇ ರದ್ದು ಮಾಡಿದರೆ ಹೊಡೆತ ದೊಡ್ಡದು. ಏರ್‌ಬಿಎನ್‌ಬಿಯಲ್ಲಿ ಚೆಕ್-ಇನ್‌ಗೆ 30 ದಿನಕ್ಕಿಂತ ಮೊದಲಾದರೆ ಬುಕಿಂಗ್ ಮೊತ್ತದ ಶೇ 10, 30 ದಿನದಿಂದ 48 ಗಂಟೆವರೆಗೆ ಶೇ 25, ಆಮೇಲೆ ಶೇ 50. ಕನಿಷ್ಠ 50 ಡಾಲರ್. 4,147ರ ಮೂರು ರಾತ್ರಿಯನ್ನು ವಾರದ ಮೊದಲು ರದ್ದು ಮಾಡಿದರೆ 3,110 ರೂಪಾಯಿ, ಇಲ್ಲವೇ ಆ 50 ಡಾಲರ್, ಯಾವುದು ಜಾಸ್ತಿಯೋ ಅದು. ಗುಡ್ಡ ಕುಸಿತದಂಥ ನಿಜವಾದ ಕಾರಣಕ್ಕೆ ವಿನಾಯಿತಿ ಕೇಳಬಹುದು, ಫೋಟೊ ತೆಗೆದಿಟ್ಟುಕೊಳ್ಳಿ.

ನಮ್ಮಂಥವರು ರದ್ದು ಮಾಡಬೇಕಾಗಿ ಬರುವುದು ಹೆಚ್ಚಾಗಿ ಡಬಲ್ ಬುಕಿಂಗ್‌ನಿಂದ. ಐ-ಕ್ಯಾಲ್ ಲಿಂಕ್ ಹಾಕಿ ಎರಡು ಆ್ಯಪ್‌ನ ಕ್ಯಾಲೆಂಡರ್ ಜೋಡಿಸಬಹುದು, ಬಿಟ್ಟಿ. ಆದರೆ ಅದು ಕೆಲವು ಗಂಟೆಗೊಮ್ಮೆ ಮಾತ್ರ ಅಪ್‌ಡೇಟ್ ಆಗುತ್ತದೆ. ಆ ಸಂದಿಯಲ್ಲೇ ಇನ್ನೊಂದು ಬುಕಿಂಗ್ ಬಂದಿರುತ್ತದೆ. ಲಾಂಗ್ ವೀಕೆಂಡ್‌ಗಳಲ್ಲಿ ಒಂದು ಆ್ಯಪ್‌ನಲ್ಲಿ ಬುಕ್ ಆದ ತಕ್ಷಣ ಇನ್ನೊಂದನ್ನು ಕೈಯಾರೆ ಮುಚ್ಚುವುದೇ ದಾರಿ. ಎರಡು ರೂಮಿನ ಮನೆಗೆ ಇದಕ್ಕಾಗಿ ಸಾಫ್ಟ್‌ವೇರ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಐದು ರೂಮು ದಾಟಿದರೆ ಆ ಮಾತು ಬೇರೆ.

ಹೆಜ್ಜೆ 8: ನೇರ ಬುಕಿಂಗ್‌ನ ರೇಟು

“ಆ್ಯಪ್‌ನಲ್ಲಿರುವುದಕ್ಕಿಂತ ಕಡಿಮೆಗೆ ಹೊರಗೆ ಕೊಡಬಹುದಾ?” ಎಲ್ಲರೂ ಕೇಳುವ ಪ್ರಶ್ನೆ. ಬೇರೆಡೆ ಕಡಿಮೆ ರೇಟು ಹಾಕಬಾರದು ಅನ್ನುವ ಷರತ್ತು ಹಳೇ ಒಪ್ಪಂದಗಳಲ್ಲಿ ಇರುತ್ತಿತ್ತು. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೊ ಮೇಲೆ 223.48 ಕೋಟಿ, ಓಯೊ ಮೇಲೆ 168.88 ಕೋಟಿ ರೂಪಾಯಿ ದಂಡ ಹಾಕಿತು. ಹೋಟೆಲ್‌ಗಳ ಮೇಲಿನ ಅಂಥ ಷರತ್ತುಗಳನ್ನು ತೆಗೆಯಬೇಕು ಅಂತಲೂ ಮೇಕ್‌ಮೈಟ್ರಿಪ್-ಗೋಐಬಿಬೊಗೆ ಹೇಳಿತು. ಆದರೂ ನಿಮ್ಮ ಒಪ್ಪಂದದಲ್ಲಿ ಏನಿದೆ ಅಂತ ಒಮ್ಮೆ ಓದಿ.

ಒಂದು ಗೆರೆ ಮಾತ್ರ ದಾಟಬೇಡಿ. ಆ್ಯಪ್‌ನಲ್ಲಿ ವಿಚಾರಿಸಿದ ಅತಿಥಿಗೆ “ಅಲ್ಲಿ ಬುಕ್ ಮಾಡಬೇಡಿ, ಈ ನಂಬರಿಗೆ ಗೂಗಲ್ ಪೇ ಮಾಡಿ” ಅನ್ನುವುದು ನಿಯಮ ಮುರಿದಂತೆ, ಲಿಸ್ಟಿಂಗ್ ಕಿತ್ತುಹಾಕುತ್ತಾರೆ. ಅವರನ್ನು ನಿಮ್ಮ ಹತ್ತಿರ ಕರೆತಂದದ್ದು ಆ ಆ್ಯಪ್, ಅದರ ಕೂಲಿ ಅದಕ್ಕೆ ಸಲ್ಲಬೇಕು. ಅದೇ ಅತಿಥಿ ಮುಂದಿನ ವರ್ಷ ಫೋನ್ ಮಾಡಿ “ಕಾಫಿ ಹೂವಿನ ಟೈಮಿಗೆ ಬರ್ತೀವಿ” ಅಂದರೆ ಅದು ನಿಮ್ಮ ಅಡುಗೆ, ನಿಮ್ಮ ಮಾತಿನ ಸಂಪಾದನೆ.

ನೇರ ಬುಕಿಂಗ್‌ಗೆ ನಾನು ಕೇಳುವುದು 4,300. ಅತಿಥಿಗೆ 5,100 ಆಗುವುದು ತಪ್ಪಿತು, ನನಗೂ 300 ಜಾಸ್ತಿ. ಆ 300 ಲಾಭವಲ್ಲ, ಹತ್ತು ಸಲ ಫೋನ್ ಎತ್ತಿದ್ದಕ್ಕೆ, ಲೊಕೇಶನ್ ಕಳಿಸಿದ್ದಕ್ಕೆ, ಬರುತ್ತೇನೆ ಅಂದು ಬಾರದೇ ಇದ್ದವರಿಗೆ. ಅರ್ಧ ಅಡ್ವಾನ್ಸ್ ತಗೊಳ್ಳದೆ ರೂಮು ಹಿಡಿಯಬೇಡಿ. ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿದರೆ ಖರ್ಚಿಲ್ಲ. ಕಾರ್ಡ್ ಬೇಕು ಅಂದರೆ ಪೇಮೆಂಟ್ ಗೇಟ್‌ವೇ ಸುಮಾರು ಶೇ 2 ಮತ್ತು ಜಿಎಸ್‌ಟಿ ತೆಗೆದುಕೊಳ್ಳುತ್ತದೆ. ಜಿಎಸ್‌ಟಿ ನೋಂದಣಿ ಇದ್ದವರು ನೇರ ಬುಕಿಂಗ್‌ಗೂ ಬಿಲ್ ಹಾಕಿ ತೆರಿಗೆ ಕಟ್ಟಬೇಕು, ಫೋನಿನಲ್ಲಿ ಬಂದದ್ದು ಅಂತ ಬಿಡುವ ಹಾಗಿಲ್ಲ.

ಹೆಜ್ಜೆ 9: ತಿಂಗಳಿಗೊಮ್ಮೆ ಒಂದು ಬುಕಿಂಗ್ ಬಿಚ್ಚಿ ನೋಡಿ

ಎಲ್ಲ ಬುಕಿಂಗ್ ತಾಳೆ ನೋಡುತ್ತಾ ಕೂರಲು ಯಾರಿಗೂ ಪುರುಸೊತ್ತಿಲ್ಲ, ಅದೂ ಕಾಫಿ ಕೊಯ್ಲಿನ ಸಮಯದಲ್ಲಿ. ಪ್ರತಿ ಆ್ಯಪ್‌ನಿಂದ ತಿಂಗಳಿಗೆ ಒಂದೇ ಒಂದು ಬುಕಿಂಗ್ ತೆಗೆಯಿರಿ. ಅತಿಥಿಯ ಬಿಲ್ಲಿನ ಮೊತ್ತ, ರಿಯಾಯಿತಿ, ಕಮಿಷನ್, ಅದರ ಜಿಎಸ್‌ಟಿ, ಟಿಸಿಎಸ್, ಟಿಡಿಎಸ್, ಕೊನೆಗೆ ಬ್ಯಾಂಕಿಗೆ ಬಂದದ್ದು. ಒಂದರ ಕೆಳಗೊಂದು ಬರೆಯಿರಿ. ಕಮಿಷನ್ ಯಾವ ಮೊತ್ತದ ಮೇಲೆ ಹಿಡಿದಿದ್ದಾರೆ ಅಂತ ನೋಡಿ: ರಿಯಾಯಿತಿಗೆ ಮೊದಲಿನದೋ ನಂತರದ್ದೋ, ತೆರಿಗೆ ಸೇರಿಸಿಯೋ ಬಿಟ್ಟೋ. ತಾಳೆಯಾಗದಿದ್ದರೆ ಬುಕಿಂಗ್ ನಂಬರ್ ಹಾಕಿ ಇಮೇಲ್ ಮಾಡಿ. ಫೋನಿನಲ್ಲಿ ಜಗಳವಾಡಿ ಪ್ರಯೋಜನವಿಲ್ಲ, ನನ್ನನ್ನು ನೋಡಿ ಕಲಿಯಿರಿ.

ದುಡ್ಡು ಬರುವ ದಿನವನ್ನೂ ಬರೆದುಕೊಳ್ಳಿ. ಏರ್‌ಬಿಎನ್‌ಬಿ ಅತಿಥಿ ಬಂದ ಸುಮಾರು 24 ಗಂಟೆಯ ನಂತರ ಕಳಿಸುತ್ತದೆ. ಅತಿಥಿ ನಿಮ್ಮಲ್ಲೇ ದುಡ್ಡು ಕೊಡುವ ವ್ಯವಸ್ಥೆ ಇದ್ದರೆ ಬುಕಿಂಗ್ ಡಾಟ್ ಕಾಮ್ ಮುಂದಿನ ತಿಂಗಳು ಕಮಿಷನ್ ಬಿಲ್ ಕಳಿಸುತ್ತದೆ. ಆ ಹೊತ್ತಿಗೆ ದುಡ್ಡು ಗೊಬ್ಬರಕ್ಕೋ ಕೂಲಿಗೋ ಹೋಗಿರುತ್ತದೆ. ಬಂದ ದಿನವೇ ಆ ಪಾಲನ್ನು ಬೇರೆ ಖಾತೆಗೆ ಹಾಕಿಬಿಡಿ. ಬಾರದ ಅತಿಥಿಯನ್ನು ನೋ-ಶೋ ಅಂತ ಗುರುತು ಮಾಡದಿದ್ದರೆ ಆ ಬುಕಿಂಗ್‌ಗೂ ಕಮಿಷನ್ ಬಿಲ್ ಆಗುತ್ತದೆ.

ಚಿಕ್ಕಪ್ಪನ ಡೈರಿಯಲ್ಲಿ ಈಗ ಪ್ರತಿ ಆ್ಯಪ್‌ಗೂ ಒಂದು ಪುಟ ಇದೆ. ಎಡಕ್ಕೆ ಅತಿಥಿ ಕೊಟ್ಟದ್ದು, ಬಲಕ್ಕೆ ನಮಗೆ ಬಂದದ್ದು. ಆ ಎರಡು ಕಾಲಂನ ಮೇಲೆ ಅವರು ಪೆನ್ಸಿಲ್‌ನಲ್ಲಿ ಬರೆದಿರುವ ತಲೆಬರಹ “ಮೂಟೆ”, “ಔಟ್‌ಟರ್ನ್”.